ಎರಡೂವರೆ ಸುತ್ತಿನ ಹಾಡು

ರ‍್ಯಾಪ್ ಎಂದರೆ ಬಡಬಡ ಮಾತು, ಡಿಜೆ ಎಂದರೆ ಪ್ಲೇಟು ಉಜ್ಜಿ ಹಾಳು ಮಾಡುವವನು. ಹೀಗೆ ಷರಾ ಬರೆದು ಕೈತೊಳೆದುಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ನನ್ನದು ಒಂದೇ ಪ್ರಶ್ನೆ: ನಿಮಿಷಕ್ಕೆ 33⅓ ಸುತ್ತಿನ ಗ್ರಾಮಫೋನ್ ಪ್ಲೇಟು ಒಮ್ಮೆ ತಿರುಗಲು ಎಷ್ಟು ಹೊತ್ತು ಬೇಕು? 1.8 ಸೆಕೆಂಡು. ಸಣ್ಣ ಲೆಕ್ಕ. ಆದರೆ 1986ರಲ್ಲಿ ನ್ಯೂಯಾರ್ಕಿನ ರ‍್ಯಾಪ್ ತಂಡ ರನ್-ಡಿಎಂಸಿ ಮತ್ತು ರಾಕ್ ತಂಡ ಏರೋಸ್ಮಿತ್‌ನವರು ಕೂಡಿ ಮಾಡಿದ 'ವಾಕ್ ದಿಸ್ ವೇ' ಹುಟ್ಟಿದ್ದು ಈ ಲೆಕ್ಕದ ಹೊಟ್ಟೆಯಿಂದ.

ಹಾಡು ಮೂಲದಲ್ಲಿ ಏರೋಸ್ಮಿತ್‌ನದೇ, 1975ರದು. ಶುರುವಿನಲ್ಲಿ ಎರಡು ಆವರ್ತ ಬರೀ ಡ್ರಮ್, ಆಮೇಲೆ ಗಿಟಾರ್, ಆಮೇಲೆ ಗಾಯಕ. ರ‍್ಯಾಪ್, ಡಿಜೆ ಎಲ್ಲ ಸೇರಿದ ಹಿಪ್‌ಹಾಪ್‌ನ ಹುಡುಗರಿಗೆ ಬೇಕಾಗಿದ್ದು ಆ ಮೊದಲ ಎರಡು ಆವರ್ತ ಮಾತ್ರ.

ಯಾಕೆಂದು ತಿಳಿಯಲು 1973ರ ಆಗಸ್ಟ್ 11ಕ್ಕೆ ಹೋಗಬೇಕು. ನ್ಯೂಯಾರ್ಕಿನ ಬ್ರಾಂಕ್ಸ್‌ನ 1520, ಸೆಡ್ಜ್‌ವಿಕ್ ಅವೆನ್ಯೂದ ವಠಾರದಲ್ಲಿ ತಂಗಿ ಇಟ್ಟುಕೊಂಡಿದ್ದ ಪಾರ್ಟಿಗೆ ಪ್ಲೇಟು ಹಾಕಲು ನಿಂತವನು ಜಮೈಕಾದಿಂದ ಬಂದಿದ್ದ ಡಿಜೆ ಕೂಲ್ ಹರ್ಕ್. ಹಾಡಿನಲ್ಲಿ ಉಳಿದೆಲ್ಲ ವಾದ್ಯ ನಿಂತು ತಾಳವೊಂದೇ ಉಳಿಯುವ ಗಳಿಗೆಗೆ, ಅಂದರೆ 'ಬ್ರೇಕ್'ಗೆ, ಕುಣಿಯುವವರು ಕಾದು ಕೂತಿರುತ್ತಾರೆ ಎಂಬುದನ್ನು ಅವನು ಗಮನಿಸಿದ. ಬಂತು ಅನ್ನುವಷ್ಟರಲ್ಲಿ ಅದು ಮುಗಿದೇ ಹೋಗುತ್ತಿತ್ತು. ಅದಕ್ಕೆ ಅವನು ಒಂದೇ ಹಾಡಿನ ಎರಡು ಪ್ಲೇಟು ಹಿಡಿದ: ಒಂದರಲ್ಲಿ ಬ್ರೇಕ್ ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಶುರು.

ಹರ್ಕ್ ಮುಳ್ಳನ್ನು ಕಣ್ಣಳತೆಯಲ್ಲಿ ಇಳಿಸುತ್ತಿದ್ದ. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಇನ್ನೊಬ್ಬನಿಗೆ ಆ ಅಂದಾಜು ಸಾಲದಾಯಿತು. ಅವನು ಪ್ಲೇಟಿನ ಮೇಲೆ ಕ್ರೇಯಾನಿನಲ್ಲಿ ಗುರುತು ಹಾಕಿ ಗಡಿಯಾರದ ಮುಳ್ಳಿನ ಹಾಗೆ ಓದಿದ. ನಾವೂ ಓದೋಣ. 'ವಾಕ್ ದಿಸ್ ವೇ' ನಿಮಿಷಕ್ಕೆ ಸುಮಾರು 108 ಪೆಟ್ಟಿನ ನಡೆಯ ಹಾಡು. ಎರಡು ಆವರ್ತಕ್ಕೆ ಎಂಟು ಪೆಟ್ಟು, ಅಂದರೆ ನಾಲ್ಕೂವರೆ ಸೆಕೆಂಡಿಗೆ ತುಸು ಕಡಿಮೆ. ಅದನ್ನು 1.8ರಿಂದ ಭಾಗಿಸಿ: ಹೆಚ್ಚುಕಡಿಮೆ ಎರಡೂವರೆ ಸುತ್ತು. ಡ್ರಮ್ ಮುಗಿದೊಡನೆ ಎರಡೂವರೆ ಸುತ್ತು ಹಿಂದಕ್ಕೆ ತಿರುಗಿಸಿದರೆ ಮತ್ತೆ ಮೊದಲ ಪೆಟ್ಟು! ಕಾಲವನ್ನು ಕೋನವಾಗಿ ಮಾಡಿ ಬೆರಳಿಗೆ ಕೊಟ್ಟಂತಾಯಿತು. ಬೀಸುಕಲ್ಲಿನ ಗೂಟ ಹಿಡಿದು ಪದ ಹೇಳುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಸುತ್ತಿಗೂ ಸೊಲ್ಲಿಗೂ ಇರುವ ನಂಟು ಅವರ ತೋಳಿನಲ್ಲೇ ಇತ್ತು.

ಪ್ಲೇಟನ್ನು ಕೈಯಲ್ಲಿ ತಡೆದರೆ ಮೋಟಾರು ನಿಲ್ಲುವುದಿಲ್ಲವೇ? ಇಲ್ಲ, ನಡುವೆ ನುಣುಪಾದ ಬಟ್ಟೆಯ ಬಿಲ್ಲೆ ಇರುತ್ತದೆ. ಎಣ್ಣೆ ಸವರಿದ ಕಾವಲಿಯ ಮೇಲೆ ದೋಸೆ ಜಾರುವಂತೆ ಪ್ಲೇಟು ಜಾರುತ್ತದೆ, ಕೆಳಗಿನ ಚಕ್ರ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಕೈ ಬಿಟ್ಟ ಕೂಡಲೇ ಮತ್ತೆ ವೇಗ ಹಿಡಿಯಬೇಕು. ಬೆಲ್ಟಿನ ಯಂತ್ರಗಳು ಇಲ್ಲಿ ಸೋಮಾರಿಗಳು. ಮೋಟಾರೇ ನೇರವಾಗಿ ಚಕ್ರ ತಿರುಗಿಸುವ ಟೆಕ್ನಿಕ್ಸ್ ಯಂತ್ರಗಳು ಡಿಜೆಗಳಿಗೆ ಪ್ರಿಯವಾದದ್ದು ಅದಕ್ಕೇ.

ಇನ್ನು ಆ 'ಕಿರ್ ಕಿರ್' ಸದ್ದು, ಸ್ಕ್ರಾಚ್. ಪ್ಲೇಟು ಗೀಚಿದ ಸದ್ದು ಎಂದು ತಿಳಿದವರೇ ಹೆಚ್ಚು. ಗೀಚುವುದೇನೂ ಇಲ್ಲ. ಮುಳ್ಳು ಗೆರೆಯಲ್ಲೇ ಓಡಾಡುತ್ತಿರುತ್ತದೆ, ಘಾಟಿ ರಸ್ತೆಯಲ್ಲಿ ಹಿಂದೆ ಮುಂದೆ ಹೋಗುವ ಬಸ್ಸಿನ ಹಾಗೆ. ಮುಳ್ಳಿನ ಹಿಂದೆ ಪುಟ್ಟ ಅಯಸ್ಕಾಂತ ಮತ್ತು ತಂತಿಯ ಸುರುಳಿ. ಕೆಲಸ ಮಾಡುವುದು 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮ. ಅಯಸ್ಕಾಂತ ಎಷ್ಟು ವೇಗವಾಗಿ ಅಲುಗುತ್ತದೋ ಅಷ್ಟು ವಿದ್ಯುತ್ತು. ಸೈಕಲ್ ಡೈನಮೋ ನೆನಪಿದೆಯಲ್ಲ? ಜೋರಾಗಿ ತುಳಿದರೆ ದೀಪ ಝಗ್ಗನೆ, ಏರಿನಲ್ಲಿ ಮಿಣಮಿಣ, ಕಾಲು ನಿಂತರೆ ಕತ್ತಲು. ಇಲ್ಲೂ ಹಾಗೆಯೇ: ಕೈ ಇಮ್ಮಡಿ ವೇಗದಲ್ಲಿ ಸರಿದರೆ ಕೆಳಗಿನ ಷಡ್ಜ ಮೇಲಿನ ಷಡ್ಜಕ್ಕೆ ಜಿಗಿಯುತ್ತದೆ, ಸದ್ದೂ ಏರುತ್ತದೆ, ಕೈ ನಿಂತರೆ ಮುಳ್ಳು ಪ್ಲೇಟಿನ ಮೇಲಿದ್ದರೂ ಮೌನ. ಶ್ರುತಿ, ದನಿ, ಲಯ ಮೂರೂ ಒಂದೇ ಅಂಗೈಯಲ್ಲಿ. ಇದನ್ನು ವಾದ್ಯ ಅನ್ನದೆ ಇನ್ನೇನು ಅನ್ನಬೇಕೋ!

ತಮಾಷೆ ನೋಡಿ. 1877ರಲ್ಲಿ ಎಡಿಸನ್ನನ ಮೊದಲ ಫೋನೋಗ್ರಾಫನ್ನು ಕೈಯಲ್ಲೇ ತಿರುವಬೇಕಿತ್ತು. ಕೈ ತಡವರಿಸಿದರೆ ದನಿಯೂ ತಡವರಿಸುತ್ತಿತ್ತು. ಕೈಯ ಆ ತಪ್ಪನ್ನು ಹೋಗಲಾಡಿಸಿ ಸ್ಥಿರ ವೇಗ ತರಲು ಎಂಜಿನಿಯರುಗಳು ಹೆಚ್ಚುಕಡಿಮೆ ನೂರು ವರ್ಷ ಹೆಣಗಿದರು. ಕೊನೆಗೆ ಯಂತ್ರ ಪಕ್ಕಾ ಆಯಿತು ಅನ್ನುವಾಗ ಬ್ರಾಂಕ್ಸ್‌ನ ಹುಡುಗರು ಅದರ ಮೇಲೆ ಮತ್ತೆ ಕೈ ಇಟ್ಟರು.

ಸರಿ, ಹಾಡಿಗೆ ಬರೋಣ. 1986ರ ಮಾರ್ಚ್ 9, ನ್ಯೂಯಾರ್ಕಿನ ಮ್ಯಾಜಿಕ್ ವೆಂಚರ್ಸ್ ಸ್ಟುಡಿಯೋ. ನಿರ್ಮಾಪಕ ರಿಕ್ ರೂಬಿನ್‌ಗೆ 23 ತುಂಬಲು ಇನ್ನೊಂದು ದಿನ ಬಾಕಿ. ಏರೋಸ್ಮಿತ್‌ನಿಂದ ಗಾಯಕ ಸ್ಟೀವನ್ ಟೈಲರ್ ಮತ್ತು ಗಿಟಾರಿನ ಜೋ ಪೆರಿ ಇಬ್ಬರೇ ಬಂದರು. ರನ್-ಡಿಎಂಸಿ ತಂಡದ ಡಿಜೆ ಜ್ಯಾಮ್ ಮಾಸ್ಟರ್ ಜೇ ಸ್ಕ್ರಾಚ್ ಮಾಡಿದ. ಆ ಡ್ರಮ್ಮಿನ ಮೇಲೆ ತಮ್ಮದೇ ಮಾತು ಕಟ್ಟಿ ಹೇಳುವುದು ರ‍್ಯಾಪರುಗಳಿಗೆ ಹಳೆಯ ರೂಢಿ. ಆದರೆ ಬರೀ ಡ್ರಮ್ ಸಾಲದು, ಇಡೀ ಹಾಡನ್ನೇ, ಅದರ ಸಾಹಿತ್ಯದ ಸಮೇತ ಹೇಳಿ ಎಂದು ರೂಬಿನ್ ಪಟ್ಟು ಹಿಡಿದಿದ್ದ. ತಂಡದ ರ‍್ಯಾಪರುಗಳಾದ ರನ್ ಮತ್ತು ಡಿಎಂಸಿಗೆ ಆ ಸಾಹಿತ್ಯ ಒಂಚೂರೂ ಹಿಡಿಸಲಿಲ್ಲ.

ಆ ವರ್ಷದ ಜುಲೈ 4ರಂದು ಹಾಡು ಸಿಂಗಲ್ ಆಗಿ, ಅಂದರೆ ಬಿಡಿ ಪ್ಲೇಟಾಗಿ, ಬಿಡುಗಡೆಯಾಯಿತು. ಏರೋಸ್ಮಿತ್‌ನ ಮೂಲ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 10ನೇ ಜಾಗದವರೆಗೆ ಏರಿತ್ತು, ಇದು 4ಕ್ಕೆ ಏರಿತು. ವಿಡಿಯೋದಲ್ಲಿ ಎರಡು ತಂಡಗಳ ನಡುವೆ ಒಂದು ಗೋಡೆ, ಟೈಲರ್ ಅದನ್ನು ಒಡೆದು ಈಚೆ ಇಣುಕುತ್ತಾನೆ. ಜನಕ್ಕೆ ನೆನಪಿರುವುದು ಆ ಗೋಡೆ. ನನಗೆ ಮಾತ್ರ ಪ್ಲೇಟಿನ ಮೇಲಿನ ಬೆರಳೇ ಕಾಣುತ್ತದೆ. ಎಷ್ಟೋ ವರ್ಷ ಆ ಡ್ರಮ್ಮಿನ ಮೇಲೆ ರ‍್ಯಾಪ್ ಹೇಳಿದ್ದ ಹುಡುಗರಿಗೆ ಅದರ ಮುಂದೆ ಏನಿದೆ ಎಂಬುದರ ಗೊಡವೆಯೇ ಇರಲಿಲ್ಲ. ಟೈಲರ್ ಬಾಯಿ ತೆರೆಯುವ ಮೊದಲೇ ಪ್ಲೇಟು ಎರಡೂವರೆ ಸುತ್ತು ಹಿಂದಕ್ಕೆ ಹೋಗಿರುತ್ತಿತ್ತು.