ಪೆಡಲ್ ಒತ್ತದೆ ಹೊಲಿಗೆ ಮಷಿನ್ ಓಡಿದರೆ ಮೊದಲು ಎಲ್ಲಿ ನೋಡಬೇಕು?

ಮೊನ್ನೆ ಕೌದಿ ಹೊಲಿಯುವಾಗ ದಾರ ತುಂಡಾಯಿತು. ಪೆಡಲ್ ಮೇಲಿಂದ ಕಾಲು ತೆಗೆದು, ಬಗ್ಗಿ ಸೂಜಿಗೆ ದಾರ ಪೋಣಿಸುತ್ತಿದ್ದೆ. ಮೋಟರ್ ಗುಂಯ್ ಅಂತು, ಸೂಜಿ ತಾನಾಗಿ ಕೆಳಗಿಳಿಯಿತು. ಬೆರಳಿಗೂ ಸೂಜಿಗೂ ಒಂದು ಉಗುರಿನಷ್ಟೇ ಜಾಗ ಇತ್ತು. ಅವತ್ತಿಂದ ಇದರ ಬಗ್ಗೆ ಓದಿ, ಪೆಡಲ್ ಬಿಚ್ಚಿ ನೋಡಿ ತಿಳಿದುಕೊಂಡದ್ದನ್ನು ನನ್ನ ಹಾಗೆ ಕಲಿಯುತ್ತಿರುವವರಿಗೆ ಬರೆಯುತ್ತಿದ್ದೇನೆ.

ಮೊದಲ ಕೆಲಸ, ಗೋಡೆಯಿಂದ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದ್ದರೆ ಮಷಿನ್ನಿನ ಸ್ವಿಚ್ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಮಾತ್ರ ಕತ್ತರಿಸುತ್ತಿರಬಹುದು, ಒಳಗೆ ಕರೆಂಟ್ ಇದ್ದೇ ಇರುತ್ತದೆ. ಆಮೇಲೆ ಸೂಜಿ ಬಿಚ್ಚಿಡಿ.

ಈಗ ಪೆಡಲ್ ವೈರನ್ನು ಮಷಿನ್ನಿಂದ ಕಿತ್ತು, ಮತ್ತೆ ಪ್ಲಗ್ ಹಾಕಿ ಆನ್ ಮಾಡಿ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಮೋಟರ್ ಸುಮ್ಮನಾದರೆ ತಪ್ಪು ಪೆಡಲ್‌ನಲ್ಲೋ ಅದರ ವೈರಿನಲ್ಲೋ ಇದೆ. ಪೆಡಲ್ ಇಲ್ಲದೆಯೂ ಓಡಿದರೆ ಮಷಿನ್ ಒಳಗಿನ ಬೋರ್ಡ್, ವೈರಿಂಗ್ ಅಥವಾ ಸಿಕ್ಕಿಕೊಂಡ ಸ್ಟಾರ್ಟ್ ಬಟನ್. ಬೋರ್ಡ್ ಆದರೆ ನಾನು ಮೆಕ್ಯಾನಿಕ್ ಹತ್ತಿರವೇ ಹೋಗುತ್ತೇನೆ, ನೀವೂ ಹೋಗಿ. ಇನ್ನೊಂದು ವಿಷಯ, ಎಲೆಕ್ಟ್ರಾನಿಕ್ ಮಷಿನ್ ಆನ್ ಇರುವಾಗ ಪೆಡಲ್ ಪಿನ್ ಎಳೆಯಬಾರದು, ಆಫ್ ಮಾಡಿಯೇ ಎಳೆಯಬೇಕು.

ಜಾಸ್ತಿ ಸಲ ತಪ್ಪಿರುವುದು ಪೆಡಲ್‌ನಲ್ಲೇ. ಬಿಚ್ಚುವ ಮೊದಲು ಅದನ್ನು ತಲೆಕೆಳಗು ಮಾಡಿ ಸುಮ್ನೆ ಒಮ್ಮೆ ಅಲ್ಲಾಡಿಸಿ. ದಾರದ ಚೂರು, ಹತ್ತಿಯ ನಾರು, ಗುಂಡುಪಿನ್ನು ಸೇರಿಕೊಂಡು ಸ್ಪ್ರಿಂಗ್ ಪೂರ್ತಿ ಮೇಲೆ ಬರದಿದ್ದರೂ ಹೀಗೇ ಆಗುತ್ತದೆ. ಕೌದಿಯಂಥ ಭಾರದ ಬಟ್ಟೆಯ ಒಂದು ತುದಿ ಜಾರಿ ಪೆಡಲ್ ಮೇಲೆ ಬಿದ್ದಿದ್ದರೂ ಅಷ್ಟೇ. ಅದನ್ನೂ ನೋಡಿಕೊಳ್ಳಿ.

ಅದ್ಯಾವುದೂ ಅಲ್ಲ ಅಂದರೆ ವೇಗ ಗಮನಿಸಿ. ಇದು ನನಗೆ ತುಂಬಾ ಉಪಯೋಗಕ್ಕೆ ಬಂತು. ಮಷಿನ್ ತೆವಳಿದ ಹಾಗೆ ನಿಧಾನಕ್ಕೆ ಓಡುತ್ತಿದ್ದರೆ, ಅಥವಾ ತಿರುಗದೆ ಗುಂಯ್ ಅನ್ನುತ್ತಾ ಮೋಟರ್ ಬಿಸಿಯಾಗುತ್ತಿದ್ದರೆ, ಎಲ್ಲೋ ಸ್ವಲ್ಪ ಕರೆಂಟ್ ಸೋರುತ್ತಿದೆ ಎಂದರ್ಥ. ಆನ್ ಮಾಡಿದ ತಕ್ಷಣ ಪೂರ್ತಿ ವೇಗದಲ್ಲಿ ಓಡಿದರೆ ಏನೋ ಒಂದು ಪೂರಾ ಶಾರ್ಟ್ ಆಗಿದೆ. ಎಲೆಕ್ಟ್ರಾನಿಕ್ ಪೆಡಲ್‌ನಲ್ಲಿ ಅದು ಹೆಚ್ಚಾಗಿ ಟ್ರಯಾಕ್, ಅಂದರೆ ಮೋಟರಿಗೆ ಎಷ್ಟು ಕರೆಂಟ್ ಬಿಡಬೇಕು ಅಂತ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸ್ವಿಚ್. ಟ್ರಯಾಕ್ ಕೆಟ್ಟಾಗ ಸಾಮಾನ್ಯವಾಗಿ ಶಾರ್ಟ್ ಆಗುತ್ತದೆ, ಕರೆಂಟನ್ನು ತಡೆಯುವುದೇ ಇಲ್ಲ.

ಸೋರುವುದು ಎಲ್ಲಿಂದ? ಹಳೇ ಪೆಡಲ್‌ಗಳಲ್ಲಿ ಹೆಚ್ಚಾಗಿ ಕೆಪಾಸಿಟರ್‌ನಿಂದ, ಅಂದರೆ ಸ್ವಲ್ಪ ಕರೆಂಟ್ ಕೂಡಿಡುವ ಪುಟ್ಟ ಬಿಡಿಭಾಗದಿಂದ. ಮೋಟರಿನ ಬ್ರಷ್‌ನಲ್ಲೂ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಪೆಡಲ್ ಕಾಂಟ್ಯಾಕ್ಟ್‌ನಲ್ಲೂ (ಒತ್ತಿದಾಗ ಒಂದಕ್ಕೊಂದು ತಾಗುವ ತುದಿಗಳು) ಏಳುವ ಕಿಡಿಯಿಂದ ರೇಡಿಯೋ ಕರಕರ ಅನ್ನಬಾರದು ಅಂತ ಅದನ್ನು ಹಾಕಿರುತ್ತಾರೆ. ಹೊಲಿಗೆಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಅದು ಕೂತಿರುವುದು ಕಾಂಟ್ಯಾಕ್ಟ್‌ನ ಎರಡು ಬದಿಗೂ ಸೇರಿದ ಹಾಗೆ, ಹಾಗಾಗಿ ಅದು ಕೆಟ್ಟರೆ ಕಾಲು ಒತ್ತಿದ ಹಾಗೇ ಆಗುತ್ತದೆ. ನನ್ನ ಪೆಡಲ್ ಬಿಚ್ಚಿದಾಗ ಬೆಲ್ಲದ ಬಣ್ಣದ ಒಂದು ಚೌಕ ಡಬ್ಬಿ ಕಂಡಿತು, ಅದೇ ಕೆಪಾಸಿಟರ್, ಮೈತುಂಬ ಕೂದಲಿನಷ್ಟು ಸಣ್ಣ ಬಿರುಕು. ಒಳಗಿರುವುದು ಕಾಗದದ ಸುರುಳಿ, ವರ್ಷಗಟ್ಟಲೆ ಆ ಬಿರುಕಿನಿಂದ ತೇವ ಎಳೆದುಕೊಂಡು ಕೆಡುತ್ತದೆ.

ಮಲ್ಟಿಮೀಟರ್ ಇದ್ದವರು ಪ್ಲಗ್ ಕಿತ್ತ ಮೇಲೆ ಪೆಡಲ್‌ನ ಎರಡು ಪಿನ್ ನಡುವೆ ಓಮ್ (ಕರೆಂಟಿಗೆ ಇರುವ ತಡೆ) ಅಳೆಯಿರಿ. ಕಾರ್ಬನ್ ಬಿಲ್ಲೆ ಅಥವಾ ತಂತಿ ಸುತ್ತಿದ ಹಳೇ ಪೆಡಲ್ ಆದರೆ, ಒತ್ತದೇ ಇದ್ದಾಗ ಮೀಟರ್ ಓಮ್ ಅಂಕಿ ಏನೂ ತೋರಿಸಬಾರದು, ದಾರಿ ತುಂಡಾಗಿದೆ ಎನ್ನುವ ಗುರುತು (OL) ಬರಬೇಕು. ಯಾವುದಾದರೂ ಅಂಕಿ ತೋರಿಸಿದರೆ ಅಲ್ಲೇ ಸೋರಿಕೆ. ಆದರೆ ಅಂಕಿ ಏನೂ ತೋರಿಸಲಿಲ್ಲ ಅಂತ ಪೂರ್ತಿ ನಂಬಬೇಡಿ. ಮೀಟರ್ ಕೊಡುವುದು ಕೆಲವೇ ವೋಲ್ಟ್, ಮನೆಯ 230 ವೋಲ್ಟ್ ಬಿದ್ದಾಗ ಮಾತ್ರ ಸೋರುವ ಕೆಪಾಸಿಟರ್ ಅದಕ್ಕೆ ಸಿಗುವುದಿಲ್ಲ. ಟ್ರಯಾಕ್ ಪೆಡಲ್‌ನಲ್ಲೂ ಶಾರ್ಟ್ ಆಗಿ ಸೊನ್ನೆ ಹತ್ತಿರ ಬಂದರೆ ಮಾತ್ರ ಗೊತ್ತಾಗುತ್ತದೆ, ಸರಿ ಇರುವುದನ್ನು ಮೀಟರಿನಿಂದ ಖಚಿತ ಮಾಡಿಕೊಳ್ಳಲು ಆಗಲ್ಲ.

ಫ್ರೇಮ್ ಮೇಲೆ ಓಡುವ, ಕೌದಿ ಹೊಲಿಯುವ ದೊಡ್ಡ ಲಾಂಗ್‌ಆರ್ಮ್ ಮಷಿನ್ನಿನ ಕಥೆ ಬೇರೆ. ಅಲ್ಲಿ ಸ್ಟಿಚ್ ರೆಗ್ಯುಲೇಟರ್ ಇದ್ದರೆ, ಒಂದು ಪುಟ್ಟ ಚಕ್ರ ಮಷಿನ್ನಿನ ತಲೆ (ಸೂಜಿ ಇರುವ ಭಾಗ) ಎಷ್ಟು ಸರಿಯಿತು ಅಂತ ಅಳೆದು ಅದರ ಪ್ರಕಾರ ಹೊಲಿಗೆ ಹಾಕಿಸುತ್ತದೆ. ಫ್ರೇಮ್ ಮಟ್ಟವಾಗಿಲ್ಲದಿದ್ದರೆ ತಲೆ ತಾನಾಗಿ ಉರುಳುತ್ತದೆ, ನೀವೇ ಸರಿಸಿದಿರಿ ಅಂದುಕೊಂಡು ಮಷಿನ್ ಹೊಲಿಯುತ್ತದೆ. ಮೊದಲು ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ನಿಂತಲ್ಲೇ ಸೂಜಿ ಆಡುತ್ತಿರುವ ಮೋಡ್ ಕೂಡ ಕೆಲವದರಲ್ಲಿ ಇದೆ, ಅದು ತಪ್ಪಲ್ಲ.

ಕೆಪಾಸಿಟರ್ ಬದಲಿಸುವವರು ಹಳೆಯದರ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್‌ನ (ಕೆಪಾಸಿಟರ್ ಅಳತೆ), ಎಕ್ಸ್2 (X2) ಅಂದರೆ ನೇರ ಮನೆ ಕರೆಂಟಿಗೆ ಹಾಕಬಹುದಾದ ಬಗೆ ಅನ್ನುವ ಗುರುತಿನ, 275 ವೋಲ್ಟ್ ಎಸಿಯದ್ದು ಕೇಳಿ. ಅಂಗಡಿಯವರು ಸಾದಾ ಕೆಪಾಸಿಟರ್ ಕೊಟ್ಟರೆ ಬೇಡ ಅನ್ನಿ. ಹಳೆಯದಕ್ಕೆ ಮೂರು ಕಾಲಿದ್ದರೆ ಮುಟ್ಟಬೇಡಿ, ಅದರಲ್ಲಿ ಅರ್ಥಿಂಗ್ ಸೇರಿರಬಹುದು, ಗೊತ್ತಿರುವವರೇ ಮಾಡಬೇಕು.

ನನ್ನದು ಎರಡು ಕಾಲಿನದು. ಪಕ್ಕದ ಬೀದಿಯಲ್ಲಿ ಟಿವಿ ರಿಪೇರಿ ಮಾಡುವ ಅಣ್ಣ ಬೆಸುಗೆ ಹಾಕಿಕೊಟ್ಟರು. ಮನೆಗೆ ತಂದು, ಸೂಜಿ ಹಾಕದೆ, ಕಾಲು ದೂರ ಇಟ್ಟು, ಹತ್ತು ನಿಮಿಷ ಆನ್ ಮಾಡಿಟ್ಟೆ. ಗುಂಯ್ ಸದ್ದಿಲ್ಲ. ಮೋಟರ್ ಮೇಲೆ ಕೈ ಇಟ್ಟರೆ ತಣ್ಣಗಿತ್ತು.