ಖರ್ಚಿನ ಪ್ರಶ್ನೆಗೆ ಉತ್ತರ ಖರ್ಚಿಗೂ ಮುಂಚೆ

ಅಮೆರಿಕದಲ್ಲಿ ಮನೆ ಕೊಂಡ ನಮ್ಮವರಲ್ಲಿ ಬಹಳಷ್ಟು ಜನ ಮನೆಯ ಜೊತೆಗೇ ಒಂದು ಎಚ್‌ಒಎ ಸದಸ್ಯತ್ವವನ್ನೂ ಕೊಂಡಿರುತ್ತಾರೆ. ಈ ಮನೆಯೊಡೆಯರ ಸಂಘಕ್ಕೆ ಸೇರುವುದು ಬಿಡುವುದು ನಮ್ಮ ಇಷ್ಟವಲ್ಲ. ಮನೆ ನಮ್ಮ ಹೆಸರಿನಲ್ಲಿ ಇರುವವರೆಗೆ ಡ್ಯೂಸ್, ಅಂದರೆ ಸಂಘದ ನಿಯಮಿತ ಶುಲ್ಕ, ಕಟ್ಟಲೇಬೇಕು. ದೊಡ್ಡ ಬಡಾವಣೆಗಳು ನಿರ್ವಹಣಾ ಕಂಪನಿಯನ್ನು ಇಟ್ಟುಕೊಳ್ಳುತ್ತವೆ. ಮೂವತ್ತು ನಲವತ್ತು ಮನೆಗಳ ಸಂಘಗಳು ಆ ಹೊರೆ ಬೇಡವೆಂದು ತಾವೇ ಎಲ್ಲ ನೋಡಿಕೊಳ್ಳುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕಪರಿಶೋಧಕನಾಗಿರುವ ನನ್ನ ಮೇಜಿಗೆ ಬರುವುದು ಹೆಚ್ಚಾಗಿ ಇಂಥ ಸಂಘಗಳ ಪುಸ್ತಕಗಳೇ. ಅಲ್ಲಿನ ಖಜಾಂಚಿ ಹಗಲೆಲ್ಲ ತನ್ನ ಆಫೀಸಿನ ಕೆಲಸ ಮುಗಿಸಿ, ಮಕ್ಕಳು ಮಲಗಿದ ಮೇಲೆ ಕೂತು ಸಂಘದ ನೀರಿನ ಬಿಲ್ ಕಟ್ಟುವ ಮನುಷ್ಯ. ನಮ್ಮ ಕಡೆಯವರಾದರೆ ಫೋನ್ ಮಾಡಿದಾಗ ಮೊದಲು ಹೇಳುವುದು ಇದನ್ನೇ: “ಸಾರ್, ಪುಕ್ಕಟೆ ದುಡೀತೀವಿ. ಅದರ ಮೇಲೆ ಕಳ್ಳರು ಅನ್ನಿಸ್ಕೋಬೇಕಾ?”

ಅವರ ನೋವು ನಿಜ. ಆದರೆ ದುಡ್ಡು ಕೊಡುವವನ ಸ್ಥಿತಿಯನ್ನೂ ನೋಡಬೇಕು. ಡ್ಯೂಸ್ ಏರಿದೆ ಎಂಬ ಪತ್ರ ಬರುತ್ತದೆ, ವಿಮೆಯ ಕಂತು ಏರಿದೆ ಎಂಬ ಒಂದು ಸಾಲು ಇರುತ್ತದೆ, ಅಷ್ಟೇ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಭಾವನೆ ಬರಲು ಅಷ್ಟು ಸಾಕು. ಲೆಕ್ಕ ಕೇಳುವುದು ಅವನ ಹಕ್ಕು. ಕೇಳಿದ ರೀತಿ ಒರಟಾಗಿರಬಹುದು, ಹಾಗೆಂದು ಹಕ್ಕು ಹೋಗುವುದಿಲ್ಲ. ಈ ಎರಡನ್ನೂ ಬೇರ್ಪಡಿಸಿ ನೋಡಲಾಗದ ಸಂಘದ ಆಡಳಿತ ಮಂಡಳಿಗಳಲ್ಲೇ ಸಣ್ಣ ದೂರು ವಕೀಲರ ನೋಟಿಸ್ ಆಗುವುದನ್ನು ನಾನು ನೋಡುತ್ತೇನೆ.

ದೂರು ಬಂದ ಕೂಡಲೇ ನಾನು ಖಜಾಂಚಿಗೆ ಕೇಳುವುದು, ಆ ಸದಸ್ಯರು ನಿಜವಾಗಿ ಏನನ್ನು ಪ್ರಶ್ನಿಸುತ್ತಿದ್ದಾರೆ ಎಂದು. “ಇಷ್ಟು ಖರ್ಚು ಮಾಡುವ ಅಧಿಕಾರ ನಿಮಗಿತ್ತೇ?” ಎಂಬುದು ಒಂದು ಪ್ರಶ್ನೆ. “ಅಧಿಕಾರವೇನೋ ಇತ್ತು, ಆದರೆ ಇದು ಬುದ್ಧಿವಂತಿಕೆಯೇ?” ಎಂಬುದು ಬೇರೆ. “ನನಗೆ ಯಾಕೆ ಮೊದಲೇ ಹೇಳಲಿಲ್ಲ?” ಎಂಬುದು ಇನ್ನೂ ಬೇರೆ. ಮೂರಕ್ಕೂ ಒಂದೇ ಉತ್ತರ ಕೊಟ್ಟರೆ ಒಂದಕ್ಕೂ ಕೊಟ್ಟಂತಾಗುವುದಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನ ದೂರುಗಳು ಮೂರನೆಯ ಜಾತಿಯವು, ಆದರೆ ಮೊದಲನೆಯದರ ಭಾಷೆಯಲ್ಲಿ ಬರುತ್ತವೆ. “ಇದು ಕಾನೂನುಬಾಹಿರ” ಎಂದು ಬರೆದವರು ಹಲವು ಸಲ ಹೇಳಲು ಹೊರಟಿರುವುದು “ನನ್ನನ್ನು ಯಾರೂ ಕೇಳಲೇ ಇಲ್ಲ” ಎಂಬುದನ್ನು.

ಅಧಿಕಾರದ ಪ್ರಶ್ನೆಗೆ ಉತ್ತರ ಕಾಗದದಲ್ಲೇ ಇರುತ್ತದೆ. ಸಂಘದ ಸಿಸಿ ಅಂಡ್ ಆರ್ (ಮನೆಗಳಿಗೆ ಅನ್ವಯವಾಗುವ ಷರತ್ತು–ನಿರ್ಬಂಧಗಳ ಮೂಲ ದಾಖಲೆ), ಬೈಲಾ ಮತ್ತು ರಾಜ್ಯದ ಕಾನೂನು, ಈ ಮೂರನ್ನೂ ತೆರೆದು ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ 1985ರ ಡೇವಿಸ್–ಸ್ಟರ್ಲಿಂಗ್ ಕಾಯ್ದೆ ಈ ಸಂಘಗಳ ತಾಯಿಬೇರು. ಅದರ ಪ್ರಕಾರ ಮಂಡಳಿಯು ಸದಸ್ಯರ ಮತವಿಲ್ಲದೆ ನಿಯಮಿತ ಡ್ಯೂಸನ್ನು ಹಿಂದಿನ ವರ್ಷಕ್ಕಿಂತ ಶೇ. 20ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಡ್ಯೂಸಿನ ಮೇಲೆ ಪ್ರತ್ಯೇಕವಾಗಿ ಹಾಕುವ ವಿಶೇಷ ವಸೂಲಿಯೂ ವರ್ಷಕ್ಕೆ ಒಟ್ಟಾರೆ ಬಜೆಟ್ಟಿನ ಖರ್ಚಿನ ಶೇ. 5 ಮೀರುವಂತಿಲ್ಲ. ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ, ಆದರೆ ತುರ್ತು ಯಾವುದು ಎಂದು ಕಾನೂನೇ ಹೇಳುತ್ತದೆ, ಮಂಡಳಿಯ ಗಾಬರಿಯಲ್ಲ. ದೊಡ್ಡ ರಿಪೇರಿಗಳಿಗೆಂದು ಕೂಡಿಟ್ಟ ರಿಸರ್ವ್ ನಿಧಿಯಿಂದ ಹಣ ತೆಗೆಯಲು ಎರಡು ಸಹಿ ಬೇಕು. ದಿನನಿತ್ಯದ ಖರ್ಚಿಗೆ ರಿಸರ್ವಿನಿಂದ ತಾತ್ಕಾಲಿಕವಾಗಿ ಸಾಲ ತೆಗೆದರೆ, ಸಾಮಾನ್ಯವಾಗಿ ಒಂದು ವರ್ಷದೊಳಗೆ ವಾಪಸ್ ತುಂಬಬೇಕು. ಬೇರೆ ರಾಜ್ಯದಲ್ಲಿರುವವರು ತಮ್ಮ ರಾಜ್ಯದ ಕಾನೂನು ನೋಡಿಕೊಳ್ಳಬೇಕು, ಮಿತಿಗಳು ಒಂದೇ ಅಲ್ಲ.

ಈಗ ಎರಡನೆಯ ಪ್ರಶ್ನೆ. ಸಂಘಗಳು ಎಡವುವುದು ಇಲ್ಲಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಂಘ ಎರಡು ದೊಡ್ಡ ನೀಲಗಿರಿ ಮರಗಳನ್ನು 11,400 ಡಾಲರ್ ಕೊಟ್ಟು ಕಡಿಸಿತು. ಮೂರನೇ ಮನೆಯವರು ಬರೆಯುತ್ತಾರೆ: “ನನಗೆ ಗೊತ್ತಿರುವವರು ಇದನ್ನೇ 9,000ಕ್ಕೆ ಮಾಡುತ್ತಿದ್ದರು. ಉಳಿದ ದುಡ್ಡು ಎಲ್ಲಿ ಹೋಯಿತು?” ಮಂಡಳಿಯವರು ಸಭೆಯ ನಡಾವಳಿ ತೆಗೆದು ನೋಡುತ್ತಾರೆ. ಅಲ್ಲಿರುವುದು ಒಂದೇ ಸಾಲು: “ಮರಗಳ ಕೆಲಸಕ್ಕೆ ಒಪ್ಪಿಗೆ. 3–0.”

ನಿರ್ಧಾರ ಸರಿಯಾಗಿಯೇ ಇದ್ದಿರಬಹುದು, ಆದರೆ ಈ ಸಾಲಿನಿಂದ ಅದನ್ನು ತೋರಿಸಲಾಗದು. ಆರು ತಿಂಗಳಾದ ಮೇಲೆ ನೆನಪಿನಿಂದ ಕಾರಣ ಹೇಳಲು ಹೊರಟರೆ ಮೂವರು ಮೂರು ಕಥೆ ಹೇಳುತ್ತಾರೆ, ಕೇಳುವವರಿಗೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಅದೇ ನಡಾವಳಿ ಹೀಗಿದ್ದರೆ ನೋಡಿ: “ಈಶಾನ್ಯ ಮೂಲೆಯ ಎರಡು ನೀಲಗಿರಿ ಮರಗಳ ಬುಡ ಟೊಳ್ಳಾಗಿದೆ, ಮಳೆಗಾಲಕ್ಕೆ ಮುಂಚೆ ತೆಗೆಯಬೇಕು ಎಂದು ಮರತಜ್ಞರು (ಆರ್ಬರಿಸ್ಟ್) ವರದಿ ನೀಡಿದ್ದಾರೆ (ಲಗತ್ತಿಸಿದೆ). ಮೂರು ಕೊಟೇಶನ್ ಬಂದಿವೆ: 9,200, 11,400, 14,800 ಡಾಲರ್. 9,200ರವರು ಕಾರ್ಮಿಕರ ಪರಿಹಾರ ವಿಮೆಯ ಪ್ರಮಾಣಪತ್ರ ಕೊಡಲಿಲ್ಲ. 11,400ರವರಿಗೆ ಕೆಲಸ. ಹಣ ತೋಟದ ಬಾಬ್ತಿನಿಂದ. ಬಜೆಟ್ ಮೀರುವ 3,400 ಡಾಲರನ್ನು ಹೊಸ ಗಿಡ ನೆಡುವ ಕೆಲಸ ಮುಂದೂಡಿ ಸರಿದೂಗಿಸುವುದು.” ಬರೆಯಲು ಐದು ನಿಮಿಷ. ದೂರು ಬಂದಾಗ ಬೇರೆ ಉತ್ತರವೇ ಬೇಡ, ಇದರ ಪ್ರತಿ ಕಳಿಸಿದರೆ ಆಯಿತು. ಮರದ ಮೇಲಿಂದ ವಿಮೆಯಿಲ್ಲದ ಕೂಲಿಯವನು ಬಿದ್ದರೆ ಆಸ್ಪತ್ರೆಯ ಬಿಲ್ಲು ಸಂಘದ ಬಾಗಿಲಿಗೆ ಬರಬಹುದು ಎಂಬುದು ಆ 2,200 ಡಾಲರಿನ ವ್ಯತ್ಯಾಸದ ಹಿಂದಿನ ಮಾತು ಎಂದು ಓದಿದವರಿಗೆ ತಾನಾಗಿಯೇ ಹೊಳೆಯುತ್ತದೆ.

ನ್ಯಾಯಾಲಯಗಳೂ ನೋಡುವುದು ಇದನ್ನೇ. 1999ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಲ್ಯಾಮ್ಡೆನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಗೆದ್ದಲು ಹಿಡಿದ ಕಟ್ಟಡವನ್ನು ಪೂರ್ತಿ ಮುಚ್ಚಿ ಹೊಗೆ ಹಾಕಿಸುವ ಬದಲು, ಸಂಘದ ಮಂಡಳಿ ಕಂಡಕಂಡಲ್ಲಿ ಮಾತ್ರ ಔಷಧಿ ಹೊಡೆಸಿ ರಿಪೇರಿ ಮಾಡಿಸುತ್ತಿತ್ತು. ಒಬ್ಬ ಮನೆಯೊಡತಿ ಅದು ಸಾಲದು ಎಂದು ದಾವೆ ಹೂಡಿದರು. ಮಂಡಳಿ ತಕ್ಕ ವಿಚಾರಣೆ ಮಾಡಿ, ಪ್ರಾಮಾಣಿಕವಾಗಿ, ಸಂಘದ ಹಿತಕ್ಕಾಗಿ, ತನ್ನ ಅಧಿಕಾರದೊಳಗೆ ನಿರ್ಧಾರ ತೆಗೆದುಕೊಂಡಿದ್ದರೆ ನ್ಯಾಯಾಲಯ ಅದರಲ್ಲಿ ಕೈ ಹಾಕುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಇದನ್ನು ಓದಿ ಕೆಲವು ಅಧ್ಯಕ್ಷರು “ನಮ್ಮನ್ನು ಯಾರೂ ಕೇಳುವಂತಿಲ್ಲ” ಎಂದುಕೊಳ್ಳುತ್ತಾರೆ. ಅವರು “ತಕ್ಕ ವಿಚಾರಣೆ” ಎಂಬ ಮಾತನ್ನು ಇನ್ನೊಮ್ಮೆ ಓದಬೇಕು. 2010ರ ಅಫಾನ್ ಪ್ರಕರಣದಲ್ಲಿ, ಕೊಳಚೆ ನೀರು ಮತ್ತೆ ಮತ್ತೆ ಮನೆಯೊಳಗೆ ಉಕ್ಕಿದ ವಿಷಯವದು, ಮಂಡಳಿ ಯೋಚಿಸಿ ನಿರ್ಧರಿಸಿದ್ದಕ್ಕೆ ಪುರಾವೆಯೇ ಇಲ್ಲವೆಂದು ಮೇಲ್ಮನವಿ ನ್ಯಾಯಾಲಯ ಆ ರಕ್ಷಣೆಯನ್ನು ಕೊಡಲಿಲ್ಲ. ಏನನ್ನು ನೋಡಿ, ಯಾಕೆ ತೀರ್ಮಾನಿಸಿದಿರಿ ಎಂದು ದಾಖಲೆ ಇಲ್ಲದ ಮಂಡಳಿಗೆ ಆ ರಕ್ಷಣೆಯನ್ನು ಕೇಳುವುದೇ ಕಷ್ಟ.

ವಾಟ್ಸಾಪ್ ಬಗ್ಗೆ ಎರಡು ಮಾತು. ಚಿಕ್ಕ ಸಂಘಗಳಲ್ಲಿ ಮಂಡಳಿಯ ಮೂವರು ಒಂದು ಗುಂಪು ಮಾಡಿಕೊಂಡು ಅಲ್ಲೇ “ಓಕೆ”, “ಓಕೆ”, ಹೆಬ್ಬೆರಳಿನ ಚಿತ್ರ ಹಾಕಿ ಸಾವಿರಾರು ಡಾಲರ್ ಮಂಜೂರು ಮಾಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮಂಡಳಿ ಸಭೆಯ ಹೊರಗೆ ತೀರ್ಮಾನ ಮಾಡುವಂತಿಲ್ಲ. ನಿಜವಾದ ತುರ್ತು ಇದ್ದು, ಮಂಡಳಿಯ ಎಲ್ಲರೂ ಲಿಖಿತವಾಗಿ ಒಪ್ಪಿದರೆ ಮಾತ್ರ ಇಮೇಲ್ ಮೂಲಕ ತುರ್ತು ಸಭೆ ನಡೆಸಬಹುದು. ಸಾಮಾನ್ಯ ಸಭೆಗೆ ಕನಿಷ್ಠ ನಾಲ್ಕು ದಿನ ಮುಂಚೆ ವಿಷಯಸೂಚಿಯ ಸಮೇತ ನೋಟಿಸ್ ಹಾಕಬೇಕು, ಸದಸ್ಯರು ಬಂದು ಕೂರಬಹುದು, ಮಾತಾಡಬಹುದು. ಮೂರನೆಯ ಜಾತಿಯ ದೂರಿಗೆ ಇದೇ ಔಷಧಿ. ಖರ್ಚಿಗೆ ಮುಂಚೆ ವಿಷಯಸೂಚಿಯಲ್ಲಿ ಆ ಖರ್ಚು ಕಂಡಿದ್ದರೆ, ಸಭೆಗೆ ಬಾರದವರೂ “ಕೇಳಲಿಲ್ಲ” ಎನ್ನಲಾರರು.

ಇನ್ನು ಕಾಗದ ತೋರಿಸುವ ವಿಷಯ. “ಬಿಲ್‌ಗಳನ್ನು ನೋಡಬೇಕು” ಎಂದು ಸದಸ್ಯರು ಬರೆದರೆ ಕೆಲವರು ಅದನ್ನು ಅವಮಾನವೆಂದು ತಿಳಿದು ಪತ್ರವನ್ನು ಪಕ್ಕಕ್ಕಿಡುತ್ತಾರೆ. ದಿನಗಳು ಅಲ್ಲಿಂದಲೇ ಎಣಿಕೆಯಾಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಚಾಲ್ತಿ ವರ್ಷದ ದಾಖಲೆಗಳನ್ನು ಹತ್ತು ಕೆಲಸದ ದಿನಗಳಲ್ಲಿ, ಹಿಂದಿನ ಎರಡು ವರ್ಷಗಳದ್ದನ್ನು ಮೂವತ್ತು ದಿನಗಳಲ್ಲಿ ಒದಗಿಸಬೇಕು. ಕಾರಣವಿಲ್ಲದೆ ತಡೆಹಿಡಿದರೆ ಒಂದೊಂದು ಕೋರಿಕೆಗೂ 500 ಡಾಲರ್‌ವರೆಗೆ ದಂಡ ಬೀಳಬಹುದು. ಫ್ಲೋರಿಡಾದಲ್ಲೂ ಮನೆಯೊಡೆಯರ ಸಂಘಗಳಿಗೆ ಹತ್ತು ಕೆಲಸದ ದಿನಗಳೇ. ಮೀರಿದರೆ ದಿನಕ್ಕೆ 50 ಡಾಲರ್‌ನಂತೆ ಹತ್ತು ದಿನದವರೆಗೆ ಪರಿಹಾರ ಕೇಳಬಹುದು. ಕೊಡುವಾಗ ಒಂದು ಎಚ್ಚರ: ಯಾರ ಡ್ಯೂಸ್ ಬಾಕಿ ಇದೆ, ಯಾರ ಬ್ಯಾಂಕ್ ಖಾತೆಯ ಸಂಖ್ಯೆ ಎಷ್ಟು, ಇಂಥವನ್ನು ಮಸಿ ಬಳಿದು ಕೊಡಬೇಕು. ಪಕ್ಕದ ಮನೆಯವರ ಕಷ್ಟ ಎಲ್ಲರ ಬಾಯಿಗೆ ಬೀಳಬಾರದು.

ಪ್ರತಿ ಕೋರಿಕೆಗೂ ಕಡತ ಹುಡುಕುವುದು ತ್ರಾಸದ ಕೆಲಸ, ಒಪ್ಪುತ್ತೇನೆ. ಆದ್ದರಿಂದಲೇ ತಿಂಗಳ ಲೆಕ್ಕವನ್ನು ಕೇಳುವ ಮುಂಚೆಯೇ ಸದಸ್ಯರಿಗೆಲ್ಲ ಸಿಗುವ ಕಡೆ ಹಾಕಿಬಿಡಿ ಎನ್ನುತ್ತೇನೆ. ಬ್ಯಾಂಕ್ ಲೆಕ್ಕ ತಾಳೆ, ಬಜೆಟ್ಟಿಗೆ ಹೋಲಿಸಿದ ಆದಾಯ–ವೆಚ್ಚ, ಬರೆದ ಚೆಕ್ಕುಗಳ ಪಟ್ಟಿ: ಇವನ್ನು ಮಂಡಳಿ ಪ್ರತಿ ತಿಂಗಳೂ ನೋಡಲೇಬೇಕು ಎಂದು ನಮ್ಮ ರಾಜ್ಯದ ಕಾನೂನು ಹೇಗೂ ಹೇಳುತ್ತದೆ. ನೋಡಿದ್ದನ್ನೇ ಹಂಚಿದರಾಯಿತು. ಹಾಗೆ ಮಾಡುವ ಸಂಘಗಳಲ್ಲಿ ಮೊದಲ ಎರಡು ತಿಂಗಳು ಪ್ರಶ್ನೆಗಳು ಹೆಚ್ಚಾಗುತ್ತವೆ, ಹೆದರಬೇಡಿ. ಆಮೇಲೆ ತಗ್ಗುತ್ತವೆ.

ಖರ್ಚು ಮಾಡಿದ್ದಕ್ಕೆ ಬರುವ ದೂರಿಗೆ ಹೆದರಿ ಖರ್ಚನ್ನೇ ಮಾಡದಿರುವ ಮಂಡಳಿಗಳ ಬಗ್ಗೆ ನನಗೆ ಹೆಚ್ಚು ಕಳವಳ. ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ 1981ರಲ್ಲಿ ಕಟ್ಟಿದ ಚಾಂಪ್ಲೇನ್ ಟವರ್ಸ್ ಸೌತ್ 2021ರ ಜೂನ್ 24ರಂದು ಕುಸಿದು 98 ಜನ ಸತ್ತರು. 2018ರಲ್ಲೇ ಎಂಜಿನಿಯರ್ ಒಬ್ಬರು ಕಾಂಕ್ರೀಟಿನ ಗಂಭೀರ ಹಾನಿಯನ್ನು ವರದಿ ಮಾಡಿದ್ದರು. ರಿಪೇರಿಯ ಖರ್ಚು, ವಿಶೇಷ ವಸೂಲಿ ಎಂದು ಜಗಳವಾಗಿ 2019ರಲ್ಲಿ ಮಂಡಳಿಯ ಬಹುಪಾಲು ಸದಸ್ಯರು ರಾಜೀನಾಮೆ ಕೊಟ್ಟರು. ಕಟ್ಟಡ ಬಿದ್ದಾಗ ಸುಮಾರು 1.5 ಕೋಟಿ ಡಾಲರಿನ ವಸೂಲಿಗೆ ಆಗಷ್ಟೇ ಒಪ್ಪಿಗೆ ಸಿಕ್ಕಿತ್ತು. ಕುಸಿತದ ತಾಂತ್ರಿಕ ಕಾರಣ ಎಂಜಿನಿಯರುಗಳ ವಿಷಯ. ನಾನು ಹೇಳುವುದು ಹಣದ ಜಗಳ ತಿಂದ ಕಾಲದ ಬಗ್ಗೆ. ಮರುವರ್ಷವೇ ಫ್ಲೋರಿಡಾ ಮೂರು ಮಹಡಿ ಮತ್ತು ಅದಕ್ಕೂ ಎತ್ತರದ ಕಾಂಡೋಗಳಿಗೆ (ಫ್ಲ್ಯಾಟ್ ಕಟ್ಟಡಗಳಿಗೆ) ರಚನಾತ್ಮಕ ಭದ್ರತೆಯ ರಿಸರ್ವ್ ಅಧ್ಯಯನವನ್ನು, ಅಂದರೆ ಮುಂದಿನ ದೊಡ್ಡ ರಿಪೇರಿಗಳಿಗೆ ಎಷ್ಟು ಕೂಡಿಡಬೇಕು ಎಂಬ ಲೆಕ್ಕವನ್ನು, ಕಡ್ಡಾಯ ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷಕ್ಕೊಮ್ಮೆಯಾದರೂ ಸ್ಥಳ ಪರಿಶೀಲನೆಯ ಸಮೇತ ರಿಸರ್ವ್ ಅಧ್ಯಯನ ಬೇಕು. “ಡ್ಯೂಸ್ ಯಾಕೆ ಏರಿತು?” ಎನ್ನುವವರ ಮುಂದೆ ಆ ವರದಿಯ ಛಾವಣಿಯ ಪುಟವನ್ನು ತೆರೆದಿಡಿ: ಎಷ್ಟು ಆಯಸ್ಸು ಉಳಿದಿದೆ, ಹೊಸದಕ್ಕೆ ಎಷ್ಟು ಬೇಕು, ಖಾತೆಯಲ್ಲಿ ಎಷ್ಟಿದೆ. ಅಂಕಿಗಳು ಮಾತಾಡಿದಷ್ಟು ಚೆನ್ನಾಗಿ ಖಜಾಂಚಿ ಮಾತಾಡಲಾರರು.

ಕೆಲವು ದೂರುಗಳು ನಿಜವೂ ಆಗಿರುತ್ತವೆ. ಅಧ್ಯಕ್ಷರ ಭಾವಮೈದುನನ ಕಂಪನಿಗೆ ತೋಟದ ಗುತ್ತಿಗೆ ಹೋಗಿದ್ದರೆ, ದರ ಕಡಿಮೆಯೇ ಇದ್ದರೂ, ಸಂಬಂಧವನ್ನು ಮೊದಲೇ ಹೇಳದಿದ್ದುದು ತಪ್ಪೇ. ಅಧ್ಯಕ್ಷರು ಆ ಮತದಿಂದ ದೂರ ನಿಲ್ಲಬೇಕಿತ್ತು, ನಡಾವಳಿಯಲ್ಲಿ ಅದು ಬರಬೇಕಿತ್ತು. ಇಂಥದು ಹೊರಬಿದ್ದಾಗ ಸಮರ್ಥನೆಗೆ ಹೋಗದೆ ಮುಂದಿನ ಸಭೆಯಲ್ಲೇ ಸಂಬಂಧ ಪ್ರಕಟಿಸಿ, ಹೊಸದಾಗಿ ಕೊಟೇಶನ್ ಕರೆದು, ಅಧ್ಯಕ್ಷರಿಲ್ಲದೆ ಮತ ಹಾಕಬೇಕು. ಹಣವೇ ಕಾಣೆಯಾಗಿದೆ ಎಂಬ ಗುಮಾನಿಯಾದರೆ ದಾರಿ ಬೇರೆ. ಸಹಿಯ ಅಧಿಕಾರ ಅಂದೇ ನಿಲ್ಲಿಸಿ, ಬ್ಯಾಂಕಿನಿಂದ ನೇರವಾಗಿ ಸ್ಟೇಟ್‌ಮೆಂಟ್ ತರಿಸಿ, ಸಂಘದ ಫಿಡೆಲಿಟಿ ವಿಮೆಯವರಿಗೆ (ಒಳಗಿನವರೇ ಹಣ ಕದ್ದರೆ ನಷ್ಟ ತುಂಬುವ ವಿಮೆ) ತಿಳಿಸಿ, ಹೊರಗಿನ ಲೆಕ್ಕಪರಿಶೋಧಕರನ್ನು ಕರೆಯಿರಿ. ಮಂಡಳಿಯ ಸ್ನೇಹಿತರೇ ತನಿಖೆ ಮಾಡಿ “ಏನೂ ಇಲ್ಲ” ಎಂದರೆ, ನಿಜಕ್ಕೂ ಏನೂ ಇಲ್ಲದಿದ್ದರೂ ಯಾರೂ ನಂಬುವುದಿಲ್ಲ.

ಉತ್ತರ ಬರೆಯುವವರಿಗೆ: ದೂರು ತಲುಪಿದ ಎರಡು ದಿನಗಳೊಳಗೆ “ಪತ್ರ ತಲುಪಿದೆ, ಇಂಥ ದಿನಾಂಕದೊಳಗೆ ದಾಖಲೆಗಳ ಜೊತೆ ಉತ್ತರಿಸುತ್ತೇವೆ” ಎಂದು ಒಂದು ಸಾಲು ಕಳಿಸಿ. ಆಮೇಲಿನ ಉತ್ತರ ಮಂಡಳಿಯ ಹೆಸರಿನಲ್ಲಿ ಹೋಗಲಿ, ಸಿಟ್ಟಿನಲ್ಲಿರುವ ಒಬ್ಬರ ಹೆಸರಿನಲ್ಲಿ ಬೇಡ. ಬರೆದವರ ಮಾತಿನ ಧಾಟಿಗೆ ಉತ್ತರ ಕೊಡಬೇಡಿ, ಮೊತ್ತಕ್ಕೆ ಮತ್ತು ದಿನಾಂಕಕ್ಕೆ ಕೊಡಿ. ಹತ್ತು ಆರೋಪಗಳಲ್ಲಿ ಒಂದು ಸರಿಯಿದ್ದರೆ ಅದನ್ನು ಮೊದಲ ಪ್ಯಾರಾದಲ್ಲೇ ಒಪ್ಪಿಕೊಳ್ಳಿ, ಉಳಿದ ಒಂಬತ್ತನ್ನು ಓದುವ ತಾಳ್ಮೆ ಅವರಿಗೆ ಆಗ ಬರುತ್ತದೆ. ಅಷ್ಟಕ್ಕೂ ಬಗೆಹರಿಯದಿದ್ದರೆ ಕ್ಯಾಲಿಫೋರ್ನಿಯಾದ ಸಂಘಗಳಲ್ಲಿ ಆಂತರಿಕ ವಿವಾದ ಪರಿಹಾರದ ವ್ಯವಸ್ಥೆ ಇರಲೇಬೇಕು. ಸದಸ್ಯರು ಕೇಳಿದರೆ ಮಂಡಳಿಯ ಒಬ್ಬರು ಅವರ ಜೊತೆ ಎದುರುಬದುರು ಕೂರಬೇಕು, ಅದಕ್ಕೆ ಅವರಿಂದ ಶುಲ್ಕ ಪಡೆಯುವಂತಿಲ್ಲ.

ಪ್ರತಿ ತಿಂಗಳೂ ಬರೆಯುವ ಒಬ್ಬರು ಎಲ್ಲ ಸಂಘದಲ್ಲೂ ಇರುತ್ತಾರೆ. ಅವರನ್ನು ಹಣಕಾಸು ಸಮಿತಿಗೆ ಕರೆಯಿರಿ ಎಂದು ನಾನು ಹೇಳಿದರೆ ಖಜಾಂಚಿಗಳು ಹೌಹಾರುತ್ತಾರೆ. ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಕೊಡಿ ಎಂದು ನಾನು ಹೇಳುತ್ತಿಲ್ಲ. ಕೊಟೇಶನ್ ತರಿಸುವ, ಬಿಲ್ಲನ್ನು ಗುತ್ತಿಗೆಯ ಜೊತೆ ತಾಳೆ ನೋಡುವ ಕೆಲಸ ಕೊಡಿ. ಕೆಲವರು ಬರುವುದೇ ಇಲ್ಲ. ಬಂದವರು ಮೂರು ಕಂಪನಿಗೆ ಫೋನ್ ಮಾಡಿ, ಒಬ್ಬರು ಎತ್ತದೆ, ಇನ್ನೊಬ್ಬರು ವಿಮೆ ಇಲ್ಲವೆಂದು, ಮತ್ತೊಬ್ಬರು ಎರಡು ತಿಂಗಳು ಬಿಟ್ಟು ಬರುತ್ತೇನೆಂದು ಹೇಳುವುದನ್ನು ಕೇಳಿದ ಮೇಲೆ, ಮುಂದಿನ ಸಭೆಗೆ ತರುವ ಪ್ರಶ್ನೆಗಳು ಮಂಡಳಿಗೆ ನಿಜವಾಗಿ ಉಪಯೋಗಕ್ಕೆ ಬರುವಂಥವು.