ಅಮೆರಿಕದಲ್ಲಿ ಲೀನ್ ಅನ್ನು ಯಾವ ರಾಜ್ಯದಲ್ಲಿ ದಾಖಲಿಸಬೇಕು?

ಡೆಲವೇರ್ ರಾಜ್ಯದಲ್ಲಿ ನೋಂದಣಿಯಾದ ಕಂಪನಿಯೊಂದರ ಪ್ರಧಾನ ಕಚೇರಿ ಇಲಿನಾಯ್‌ನಲ್ಲಿ, ಯಂತ್ರಗಳು ಟೆಕ್ಸಾಸ್‌ನಲ್ಲಿ, ದಾಸ್ತಾನು ಜಾರ್ಜಿಯಾದ ಗೋದಾಮಿನಲ್ಲಿ ಇವೆ ಎಂದಿಟ್ಟುಕೊಳ್ಳೋಣ. ಇವನ್ನು ಭದ್ರತೆಯಾಗಿ ಪಡೆದು ಸಾಲ ಕೊಡುವ ಬ್ಯಾಂಕು ತನ್ನ ಲೀನ್ ಅನ್ನು, ಅಂದರೆ ಆ ಆಸ್ತಿಯ ಮೇಲಿನ ಭದ್ರತಾ ಹಕ್ಕನ್ನು, ನಾಲ್ಕೂ ರಾಜ್ಯಗಳಲ್ಲಿ ದಾಖಲಿಸಬೇಕೆಂದು ಮೊದಲ ಬಾರಿ ಓದುವವರಿಗೆ ಅನ್ನಿಸುತ್ತದೆ. ಸರಿಯಾದ ಉತ್ತರ ಡೆಲವೇರ್ ಮಾತ್ರ.

ಇದಕ್ಕೆ ಆಧಾರ ಯುಸಿಸಿ, ಅಂದರೆ ಏಕರೂಪ ವಾಣಿಜ್ಯ ಸಂಹಿತೆಯ 9ನೇ ವಿಧಿ. (ನಮ್ಮಲ್ಲಿ ಚರ್ಚೆಯಾಗುವ ಯುಸಿಸಿಗೂ ಇದಕ್ಕೂ ಸಂಬಂಧವಿಲ್ಲ.) ಹಿಂದೆ ಸಾಮಾನ್ಯ ಸರಕುಗಳಿಗೆ ಅವು ಇರುವ ರಾಜ್ಯದ ಕಾನೂನೇ ಅನ್ವಯಿಸುತ್ತಿದ್ದುದರಿಂದ ಗೋದಾಮುಗಳನ್ನು ಹುಡುಕಿಕೊಂಡು ಹಲವೆಡೆ ಅರ್ಜಿ ಹಾಕಬೇಕಾಗುತ್ತಿತ್ತು. ಬಹುತೇಕ ರಾಜ್ಯಗಳಲ್ಲಿ 2001ರ ಜುಲೈ 1ರಂದು ಜಾರಿಗೆ ಬಂದ ಪರಿಷ್ಕೃತ ವಿಧಿಯು ಆ ಪ್ರಶ್ನೆಯನ್ನೇ ಬದಲಿಸಿ, ಸಾಲಗಾರ (ಸಾಲ ಪಡೆದವ) ಎಲ್ಲಿದ್ದಾನೆ ಎಂದು ಕೇಳುವಂತೆ ಮಾಡಿತು.

ಆದರೆ ಇಲ್ಲಿ ‘ಇರುವುದು’ ಎಂಬ ಪದಕ್ಕೆ 9-307ನೇ ಸೆಕ್ಷನ್ ತನ್ನದೇ ಅರ್ಥ ಕೊಟ್ಟಿದೆ. ಕಾರ್ಪೊರೇಷನ್ ಹಾಗೂ ಎಲ್‌ಎಲ್‌ಸಿಗಳು (ಸೀಮಿತ ಹೊಣೆಗಾರಿಕೆಯ ಕಂಪನಿಗಳು), ಅಲ್ಲಿ ಒಂದು ಕುರ್ಚಿಯನ್ನೂ ಹಾಕಿರದಿದ್ದರೂ, ತಾವು ರಚನೆಯಾದ ರಾಜ್ಯದಲ್ಲೇ ಇವೆ ಎಂದು ಪರಿಗಣಿಸಲ್ಪಡುತ್ತವೆ. ಬೆಂಗಳೂರಿನ ಕಂಪನಿಯ ಯಂತ್ರ ಹೊಸೂರಿನಲ್ಲಿದ್ದರೂ ಅದರ ಮೇಲಿನ ಚಾರ್ಜ್ (ಸಾಲ ಕೊಟ್ಟವರ ಭದ್ರತಾ ಹಕ್ಕು) ಕರ್ನಾಟಕದ ಕಂಪನಿ ರಿಜಿಸ್ಟ್ರಾರರ ಬಳಿ ನೋಂದಣಿಯಾಗುವುದನ್ನು ಬಲ್ಲವರಿಗೆ ಈ ತರ್ಕ ಹೊಸದೆನಿಸದು. ನೋಂದಣಿಯಿಲ್ಲದ ಪಾಲುದಾರಿಕೆಗೆ ಹಲವು ಕಚೇರಿಗಳಿದ್ದರೆ ಮುಖ್ಯ ಆಡಳಿತ ಕಚೇರಿಯ ರಾಜ್ಯವನ್ನು ನೋಡಬೇಕು. ಒಬ್ಬನೇ ನಡೆಸುವ ವ್ಯಾಪಾರವಾದರೆ ಅಂಗಡಿಯನ್ನು ಮರೆತು ಮಾಲೀಕನ ಮುಖ್ಯ ವಾಸಸ್ಥಳವನ್ನು ನೋಡಬೇಕು: ಅಂಗಡಿ ನ್ಯೂಯಾರ್ಕ್‌ನಲ್ಲಿ, ಮನೆ ನ್ಯೂಜೆರ್ಸಿಯಲ್ಲಿ ಇದ್ದರೆ ದಾಖಲಾತಿ ನ್ಯೂಜೆರ್ಸಿಯಲ್ಲಿ. ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

ರಾಜ್ಯ ಗೊತ್ತಾದ ಮೇಲೆ ಕಚೇರಿ. ಬಹುತೇಕ ರಾಜ್ಯಗಳಲ್ಲಿ ಅದು ಆ ರಾಜ್ಯ ಸರ್ಕಾರದ ‘ಸೆಕ್ರೆಟರಿ ಆಫ್ ಸ್ಟೇಟ್’ ಕಚೇರಿ. ಜಾರ್ಜಿಯಾದಲ್ಲಾದರೆ ಯಾವುದೇ ಕೌಂಟಿಯ ಸುಪೀರಿಯರ್ ಕೋರ್ಟ್ ಗುಮಾಸ್ತರಿಗೆ ಸಲ್ಲಿಸಿದರೆ ಅದು ಇಡೀ ರಾಜ್ಯದ ಸೂಚಿಯಲ್ಲಿ ಸೇರುತ್ತದೆ. ಕಟ್ಟಡಕ್ಕೆ ಬಿಗಿದು ಸ್ಥಿರಾಸ್ತಿಯ ಭಾಗವಾಗಿಬಿಟ್ಟ ಸಾಮಗ್ರಿಗೆ ಫಿಕ್ಸ್‌ಚರ್ ಫೈಲಿಂಗ್ ಮಾಡುವುದಾದರೆ ಆ ಜಾಗದ ಅಡಮಾನ ದಾಖಲಾಗುವ ಸ್ಥಳೀಯ ಕಚೇರಿಗೇ ಹೋಗಬೇಕು. ವಾಹನಗಳ ಮೇಲಿನ ಲೀನ್, ಅವು ವಿತರಕನ ದಾಸ್ತಾನಾಗಿರದಿದ್ದರೆ, ಸಾಮಾನ್ಯವಾಗಿ ವಾಹನದ ಟೈಟಲ್ (ಮಾಲೀಕತ್ವ) ಪತ್ರದಲ್ಲೇ ನಮೂದಾಗುತ್ತದೆ.

ದಾಖಲಾತಿ ಡೆಲವೇರ್‌ನಲ್ಲಾದರೂ, ಟೆಕ್ಸಾಸ್‌ನ ಯಂತ್ರದ ಮೇಲೆ ಇಬ್ಬರು ಹಕ್ಕು ಸಾಧಿಸಿದಾಗ ಯಾರದು ಮೇಲು ಎಂಬುದನ್ನು ಯಂತ್ರವಿರುವ ಟೆಕ್ಸಾಸ್‌ನ ಕಾನೂನೇ ನಿರ್ಧರಿಸುತ್ತದೆ. ಈ ಎರಡು ಪ್ರಶ್ನೆಗಳನ್ನು ಬೆರೆಸಬಾರದು.

ದಾಖಲಾತಿ ಸಾಮಾನ್ಯವಾಗಿ 5 ವರ್ಷ ಬಾಳುತ್ತದೆ. ಆದರೆ ಅದಕ್ಕೂ ಮೊದಲೇ ಸಾಲಗಾರ ಬೇರೆ ರಾಜ್ಯಕ್ಕೆ ವಾಸ ಬದಲಿಸಿದರೆ 4 ತಿಂಗಳೊಳಗೆ ಅಲ್ಲಿ ಹೊಸದಾಗಿ ದಾಖಲಿಸಬೇಕು. ತಪ್ಪಿದರೆ, ಬೆಲೆ ಕೊಟ್ಟು ಕೊಂಡವರ ಮತ್ತು ಅದೇ ಭದ್ರತೆಯ ಮೇಲೆ ಸಾಲ ಕೊಟ್ಟ ಇತರರ ಎದುರು ಆ ಹಳೆಯ ದಾಖಲಾತಿಗೆ ಮೊದಲಿನಿಂದಲೇ ಬಲವಿರಲಿಲ್ಲವೆಂದು ಭಾವಿಸಲಾಗುತ್ತದೆ. ಸಾಲಗಾರ ಮನೆ ಬದಲಿಸಿದ್ದು ತನಗೆ ತಿಳಿದಿರಲಿಲ್ಲವೆಂದು ಬ್ಯಾಂಕು ಹೇಳಿದರೂ ಗಡುವು ನಿಲ್ಲುವುದಿಲ್ಲ.